ನಂಜನಗೂಡು ರಸಬಾಳೆಗೆ ಬೀಜ ಯಾಕಿಲ್ಲ: ಒಂದು ಪ್ರಕರಣ ಅಧ್ಯಯನ

ನಂಜನಗೂಡು ರಸಬಾಳೆ ತೋಟಗಳಿಂದ ಯಾಕೆ ಬಹುಮಟ್ಟಿಗೆ ಮರೆಯಾಯಿತು ಅಂತ ಕೇಳಿ ನೋಡಿ, ಎರಡು ಉತ್ತರ ಸಿಗುತ್ತವೆ. ಸೊರಗು ರೋಗ ಬಂತು ಅನ್ನುವುದು ಒಂದು. ರೈತರು ಜಾಸ್ತಿ ದುಡ್ಡಿನ ಆಸೆಗೆ ಏಲಕ್ಕಿ, ಪಚ್ಚಬಾಳೆ ಹಾಕಿಕೊಂಡರು ಅನ್ನುವುದು ಇನ್ನೊಂದು. ಮೊದಲನೆಯ ಉತ್ತರ ನಿಜ, ಆದರೆ ಅದು ಅರ್ಧ ಕಥೆ. ಎರಡನೆಯದು ರೈತರಿಗೆ ಮಾಡುವ ಅನ್ಯಾಯ. ಪೂರ್ತಿ ಕಥೆ ಬೇಕಿದ್ದರೆ ಗಿಡದ ಹೂವಿನೊಳಗೆ ಹೋಗಿ ನೋಡಬೇಕು. ಅಲ್ಲಿ ಅಂಡಾಣುವೂ ಪರಾಗವೂ ತಯಾರಾಗುವ ಹೊತ್ತಿಗೆ ಒಂದು ಲೆಕ್ಕ ತಪ್ಪುತ್ತದೆ. ಆ ಲೆಕ್ಕ ತಪ್ಪಿದ್ದರಿಂದಲೇ ನಮಗೆ ಬೀಜವಿಲ್ಲದ ಹಣ್ಣು ಸಿಕ್ಕಿದೆ. ರೋಗ ಬಂದಾಗ ಗಿಡ ಎದ್ದು ನಿಲ್ಲದೇ ಹೋದದ್ದಕ್ಕೂ ಅದೇ ಕಾರಣ.

ಮೊದಲು ಜಾಗ ಹೇಳಿಬಿಡುತ್ತೇನೆ. ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕು, ಕಪಿಲಾ ನದಿಯ ಬಯಲು, ದೇವರಸನಹಳ್ಳಿ ಸುತ್ತಮುತ್ತಲಿನ ಕಪ್ಪು ಮಣ್ಣು. ಈ ಮಣ್ಣಲ್ಲಿ ಬೆಳೆದ ರಸಬಾಳೆಯ ಘಮ ಬೇರೆ ಕಡೆ ಬೆಳೆದದ್ದಕ್ಕೆ ಬರುವುದಿಲ್ಲ ಅಂತ ಆ ಕಡೆಯವರು ಖಡಾಖಂಡಿತವಾಗಿ ಹೇಳುತ್ತಾರೆ. 2005-06ರಲ್ಲಿ ಈ ಹಣ್ಣಿಗೆ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಆ ಹೊತ್ತಿಗೆ ತೋಟಗಳು ಬಹುಮಟ್ಟಿಗೆ ಖಾಲಿಯಾಗಿದ್ದವು.

ತೋಟ ಖಾಲಿ ಮಾಡಿದ್ದು ಪನಾಮ ಸೊರಗು ರೋಗ. ಹೆಸರು ಪನಾಮದ್ದಾದರೂ ಮೊದಲು ವರದಿಯಾದದ್ದು ಆಸ್ಟ್ರೇಲಿಯಾದಲ್ಲಿ, 1876ರಲ್ಲಿ. ಇದು ಮಣ್ಣಲ್ಲಿರುವ ಫ್ಯುಸೇರಿಯಂ ಅನ್ನುವ ಶಿಲೀಂಧ್ರದಿಂದ ಬರುತ್ತದೆ. ಬೇರಿನಿಂದ ಒಳಗೆ ನುಗ್ಗಿ, ನೀರು ಮೇಲೇರುವ ನಾಳಗಳಲ್ಲಿ ಕೂತು ಅವನ್ನು ಕಟ್ಟಿಹಾಕುತ್ತದೆ. ಮೊದಲು ಹಳೆಯ ಎಲೆಗಳ ಅಂಚು ಹಳದಿಯಾಗುತ್ತದೆ, ಆಮೇಲೆ ಎಲೆಗಳು ದಂಟಿನ ಹತ್ತಿರ ಮುರಿದು ಕಾಂಡದ ಸುತ್ತ ಜೋತು ಬೀಳುತ್ತವೆ, ಬುಡದ ಹತ್ತಿರ ಕಾಂಡ ಸೀಳು ಬಿಡುವುದೂ ಉಂಟು. ಅಂಥ ಗಿಡವನ್ನು ಅಡ್ಡಕ್ಕೆ ಕತ್ತರಿಸಿದರೆ ಬಿಳಿಯಾಗಿರಬೇಕಾದ ಜಾಗದಲ್ಲಿ ಕೆಂಪು ಕಂದು ಬಣ್ಣದ ಚುಕ್ಕೆಗಳು ಉಂಗುರದಂತೆ ಕಾಣುತ್ತವೆ. ಅದು ಕಂಡರೆ ಆ ಗಿಡದ ಕಥೆ ಮುಗಿಯಿತು. ಇನ್ನೂ ಕೆಟ್ಟ ಸಂಗತಿ ಏನೆಂದರೆ, ಶಿಲೀಂಧ್ರ ದಪ್ಪ ಗೋಡೆಯ ಬೀಜಕಣಗಳನ್ನು ಮಣ್ಣಲ್ಲಿ ಬಿಟ್ಟುಹೋಗುತ್ತದೆ, ಅವು ದಶಕಗಟ್ಟಲೆ ಸುಮ್ನೆ ಕಾಯುತ್ತಾ ಬಿದ್ದಿರುತ್ತವೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ರೋಗ ಅನ್ನುವುದು ಎಲ್ಲ ಬೆಳೆಗೂ ಬರುತ್ತದೆ. ಸಾವಿರ ಗಿಡದಲ್ಲಿ ಹತ್ತಾದರೂ ತಡೆದುಕೊಂಡು ನಿಲ್ಲಬೇಕಿತ್ತು, ಅವುಗಳ ಸಂತತಿಯಿಂದ ಮತ್ತೆ ತೋಟ ಎಬ್ಬಿಸಬಹುದಿತ್ತು. ಹಾಗೆ ಯಾಕೆ ಆಗಲಿಲ್ಲ?

ಸಾವಿರ ಗಿಡ ಅಂತ ಹೇಳುತ್ತೇವೆ ನಿಜ, ಆದರೆ ವಂಶವಾಹಿಯ ಲೆಕ್ಕದಲ್ಲಿ ಅದು ಒಂದೇ ಗಿಡ. ಬಾಳೆಯನ್ನು ಬೀಜದಿಂದ ಬೆಳೆಯುವುದಿಲ್ಲ, ಕಂದು ಕಿತ್ತು ನೆಡುತ್ತೇವೆ. ಕಂದು ಅಂದರೆ ತಾಯಿ ಗಿಡದ ಗೆಡ್ಡೆಯ ತುಂಡೇ. ಅಲ್ಲಿ ನಡೆಯುವುದು ಮೈಟೋಸಿಸ್, ಅಂದರೆ ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುವ ಕೋಶ ವಿಭಜನೆ. ಅಜ್ಜನ ಕಾಲದ ರಸಬಾಳೆಯೂ ಇವತ್ತಿನ ರಸಬಾಳೆಯೂ ಹೆಚ್ಚುಕಡಿಮೆ ಒಂದೇ ಜೀವ. ಒಂದಕ್ಕೆ ತಗುಲಿದ ರೋಗ ಎಲ್ಲದಕ್ಕೂ ತಗುಲುತ್ತದೆ.

ಹಾಗಾದರೆ ಬೀಜ ಯಾಕೆ ಆಗುವುದಿಲ್ಲ? ಒಂದು ಬಾಳೆಹಣ್ಣನ್ನು ಸುಲಿದು, ತುದಿಯಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿ. ಹಣ್ಣು ಉದ್ದಕ್ಕೆ ಮೂರು ಹೋಳಾಗಿ ಬಿಡಿಸಿಕೊಳ್ಳುತ್ತದೆ, ಮೂರು ಕೋಣೆಗಳ ಅಂಡಾಶಯವೇ ಹಣ್ಣಾಗಿರುವುದರಿಂದ ಹೀಗೆ. ಹೋಳುಗಳ ಒಳ ಅಂಚಿನಲ್ಲಿ ಸಾಲಾಗಿ ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆಗಳಿರುತ್ತವೆ. ಮಕ್ಕಳು ಅದನ್ನೇ ಬೀಜ ಅಂದುಕೊಳ್ಳುತ್ತಾರೆ. ಅವು ಬೀಜವಾಗಬೇಕಿದ್ದ ಅಂಡಕಗಳು, ಬೀಜವಾಗದೆ ಮುರುಟಿಕೊಂಡವು. ಕಾಡುಬಾಳೆಯಲ್ಲಿ ಇದೇ ಜಾಗದಲ್ಲಿ ಹಲ್ಲು ಮುರಿಯುವಷ್ಟು ಗಟ್ಟಿಯಾದ ಕಪ್ಪು ಬೀಜಗಳು ತುಂಬಿಕೊಂಡಿರುತ್ತವೆ, ತಿನ್ನಲು ತಿರುಳು ಸಿಗುವುದೇ ಕಷ್ಟ.

ಕಾಡುಬಾಳೆಯ ಅಂಡಕದಲ್ಲಿ ಏನು ನಡೆಯುತ್ತದೆ ಅಂತ ಮೊದಲು ನೋಡೋಣ, ಆಮೇಲೆ ರಸಬಾಳೆಯಲ್ಲಿ ಎಲ್ಲಿ ತಪ್ಪುತ್ತದೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಕಾಡುಬಾಳೆಯ ಪ್ರತಿ ಕೋಶದಲ್ಲಿ 22 ವರ್ಣತಂತುಗಳಿವೆ, ಅಂದರೆ ವಂಶವಾಹಿಗಳನ್ನು ಹೊತ್ತ ದಾರದಂಥ ಕ್ರೋಮೋಸೋಮುಗಳು. 11 ಬಗೆ, ಒಂದೊಂದು ಬಗೆಯಲ್ಲೂ ಎರಡೆರಡು, ತಾಯಿಯಿಂದ ಒಂದು, ತಂದೆಯಿಂದ ಒಂದು. ಅಂಡಾಣುವಿಗೂ ಪರಾಗಕ್ಕೂ 11 ಮಾತ್ರ ಹೋಗಬೇಕು, ಇಲ್ಲದಿದ್ದರೆ ಪೀಳಿಗೆಯಿಂದ ಪೀಳಿಗೆಗೆ ಸಂಖ್ಯೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಈ ಅರ್ಧ ಮಾಡುವ ವಿಭಜನೆಗೇ ಮಿಯಾಸಿಸ್ ಅನ್ನುವುದು. ನಮ್ಮ 46 ವರ್ಣತಂತು ವೀರ್ಯಾಣುವಿನಲ್ಲಿ, ಅಂಡಾಣುವಿನಲ್ಲಿ 23 ಆಗುವುದೂ ಇದೇ ದಾರಿಯಲ್ಲಿ. ಡಿಗ್ರಿ ಲ್ಯಾಬಿನಲ್ಲಿ ಈರುಳ್ಳಿ ಹೂವಿನ ಮೊಗ್ಗು ಅರೆದು ಬಣ್ಣ ಹಾಕಿ ನೋಡಿದವರಿಗೆ ನೆನಪಿರಬಹುದು, ಅಲ್ಲಿ 16 ಇದ್ದದ್ದು 8 ಆಗುತ್ತದೆ.

ಅರ್ಧ ಮಾಡುವುದು ಅಂದರೆ ಸುಮ್ನೆ ಎರಡು ಗುಡ್ಡೆ ಮಾಡಿ ಹಂಚಿಬಿಡುವುದಲ್ಲ. ಹೇಗೋ 11 ಬಂದರೆ ಸಾಲದು, ಪ್ರತಿ ಬಗೆಯದ್ದೂ ಒಂದೊಂದು ಬರಬೇಕು. 3ನೆಯ ಬಗೆ ಎರಡು ಬಂದು 7ನೆಯದು ಬರದೇ ಹೋದರೆ ಲೆಕ್ಕಕ್ಕೆ 11 ಆಯಿತು, ಆದರೆ ಜೀವ ನಡೆಯುವುದಿಲ್ಲ. ಇದಕ್ಕೆ ಕೋಶ ಮಾಡುವ ಉಪಾಯ ತುಂಬಾ ಚೆಂದದ್ದು. ಮೊದಲು ಪ್ರತಿ ವರ್ಣತಂತುವಿನ ನಕಲು ತೆಗೆದಿಟ್ಟುಕೊಳ್ಳುತ್ತದೆ. ಆಮೇಲೆ ಒಂದೇ ಬಗೆಯ ಎರಡು ವರ್ಣತಂತುಗಳು ಒಂದನ್ನೊಂದು ಹುಡುಕಿಕೊಂಡು ಬಂದು, ಉದ್ದಕ್ಕೂ ಅಂಟಿಕೊಂಡು ಜೋಡಿ ಕೂರುತ್ತವೆ. ಜೋಡಿ ಕೂತಾಗ ಅಲ್ಲಲ್ಲಿ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಆ ಅದಲು ಬದಲಾದ ಗಂಟುಗಳೇ ಜೋಡಿಯನ್ನು ಬಿಗಿಯಾಗಿ ಹಿಡಿದಿಡುತ್ತವೆ. ಈಗ ಎರಡು ಕಡೆಯಿಂದ ಎಳೆಗಳು ಬಂದು ಎಳೆಯುತ್ತವೆ, ಜೋಡಿಯಲ್ಲಿ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ. ಇದು ಮೊದಲ ವಿಭಜನೆ. ಎರಡನೆಯ ವಿಭಜನೆಯಲ್ಲಿ ಮೊದಲೇ ತೆಗೆದಿಟ್ಟ ನಕಲುಗಳು ಬೇರೆಯಾಗುತ್ತವೆ. ಕೊನೆಗೆ ನಾಲ್ಕು ಕೋಶ, ಒಂದೊಂದರಲ್ಲಿ 11 ವರ್ಣತಂತು.

ಗಂಡು ಹೂವಿನಲ್ಲಿ ಆ ನಾಲ್ಕೂ ಪರಾಗವಾಗುತ್ತವೆ. ಅಂಡಕದಲ್ಲಿ ಸಾಮಾನ್ಯವಾಗಿ ಮೂರು ಸತ್ತು ಒಂದು ಉಳಿಯುತ್ತದೆ. ಮನುಷ್ಯರಲ್ಲೂ ಒಂದು ಕೋಶದಿಂದ ನಾಲ್ಕು ವೀರ್ಯಾಣು ಆಗುತ್ತವೆ, ಅಂಡಾಣು ಮಾತ್ರ ಒಂದೇ. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳ ಮಿಯಾಸಿಸ್ ಶುರುವಾಗಿ, ಜೋಡಿ ಕೂತು ತುಂಡು ಬದಲಿಸಿಕೊಂಡ ಹಂತದಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತದೆ. ವಯಸ್ಸಾದಂತೆ ಅಂಡಾಣುವಿನಲ್ಲಿ ಲೆಕ್ಕ ತಪ್ಪುವುದು ಜಾಸ್ತಿಯಾಗಲು ಇದೂ ಒಂದು ಕಾರಣ.

ಕಾಡುಬಾಳೆಯ 11 ಜೋಡಿಗಳಲ್ಲಿ ಯಾವುದು ಯಾವ ಕಡೆಗೆ ಹೋಗುತ್ತದೆ ಅನ್ನುವುದು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತದೆ. ಹಾಗಾಗಿ ತುಂಡು ಬದಲಾವಣೆ ಲೆಕ್ಕಕ್ಕೆ ಹಿಡಿಯದೇ ಹೋದರೂ 2048 ಬಗೆಯ ಅಂಡಾಣು ಆಗಬಹುದು. ಪರಾಗವೂ ಅಷ್ಟೇ ಬಗೆ. ಅಂದರೆ ಕಾಡುಬಾಳೆಯ ಒಂದೇ ಗೊನೆಯ ಬೀಜಗಳಿಂದ ಹುಟ್ಟುವ ಗಿಡಗಳು ಒಂದೊಂದೂ ಬೇರೆ ಬೇರೆ. ಸೊರಗು ರೋಗ ಬಂದರೆ ಕೆಲವು ಸಾಯುತ್ತವೆ, ಕೆಲವು ನಿಲ್ಲುತ್ತವೆ.

ಇನ್ನು ರಸಬಾಳೆ. ಇದರ ಪ್ರತಿ ಕೋಶದಲ್ಲಿ 33 ವರ್ಣತಂತುಗಳು. ಬಾಳೆ ವಿಜ್ಞಾನಿಗಳು ಇದನ್ನು ಎಎಬಿ ಅಂತ ಬರೆಯುತ್ತಾರೆ. ಮೂಸಾ ಅಕ್ಯುಮಿನಾಟ ಅನ್ನುವ ಕಾಡುಬಾಳೆಯಿಂದ ಬಂದ 11ರ ಎರಡು ಸೆಟ್, ಮೂಸಾ ಬಾಲ್ಬಿಸಿಯಾನ ಅನ್ನುವ ಇನ್ನೊಂದು ಕಾಡುಬಾಳೆಯಿಂದ ಬಂದ ಒಂದು ಸೆಟ್. ಹಾಗಾಗಿ ಪ್ರತಿ ಬಗೆಯಲ್ಲೂ ಮೂರು ಮೂರು. ಜೋಡಿ ಕೂರಬೇಕಾದ ಹೊತ್ತಿಗೆ ತಾಪತ್ರಯ ಶುರು. ಎರಡು ಕೂತರೆ ಒಂದು ಒಂಟಿಯಾಗಿ ಉಳಿಯುತ್ತದೆ, ಇಲ್ಲವೇ ಮೂರೂ ಸೇರಿ ಗೋಜಲಾಗುತ್ತವೆ. ಎಳೆಯುವ ಹೊತ್ತಿಗೆ ಪ್ರತಿ ಬಗೆಯಲ್ಲೂ ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು. ಇಬ್ಬರು ಅಣ್ಣತಮ್ಮಂದಿರಿಗೆ ಮೂರು ಎಮ್ಮೆ ಪಾಲು ಹಾಕಿದ ಹಾಗೆ, ಅದೂ ಹನ್ನೊಂದು ಸಲ, ಪ್ರತಿ ಸಲವೂ ಚೀಟಿ ಎತ್ತಿ. ಎಲ್ಲ ಹನ್ನೊಂದು ಸಲವೂ ಎರಡರ ಪಾಲು ಒಬ್ಬನಿಗೇ ಬಿದ್ದರೆ ಮಾತ್ರ ಒಂದು ಕಡೆ ಸರಿಯಾದ 22, ಇನ್ನೊಂದು ಕಡೆ ಸರಿಯಾದ 11 ಬರುತ್ತದೆ. ಹಾಗಾಗುವ ಸಾಧ್ಯತೆ 1024ರಲ್ಲಿ 1. ಉಳಿದ ಎಲ್ಲ ಸಲವೂ 14, 17, 19 ಹೀಗೆ ಅಡ್ಡಾದಿಡ್ಡಿ ಸಂಖ್ಯೆ, ಕೆಲವು ಬಗೆ ಎರಡು, ಕೆಲವು ಒಂದು. ಇದೂ ಕಾಗದದ ಮೇಲಿನ ಲೆಕ್ಕ. ನಿಜವಾದ ಕೋಶದಲ್ಲಿ ಒಂಟಿ ವರ್ಣತಂತುಗಳು ಯಾವ ಕಡೆಗೂ ಸೇರದೆ ಮಧ್ಯದಲ್ಲೇ ಕಳೆದುಹೋಗುವುದೂ ಇದೆ, ಹಾಗಾಗಿ ಪರಿಸ್ಥಿತಿ ಇನ್ನೂ ಕಷ್ಟದ್ದು.

ಬೀಜ ಆಗದಿದ್ದರೆ ಹಣ್ಣಾದರೂ ಹೇಗೆ ಆಯಿತು ಅಂತ ನೀವು ಕೇಳಬಹುದು, ಕೇಳಲೇಬೇಕು. ಹೆಚ್ಚಿನ ಗಿಡಗಳಲ್ಲಿ ಅಂಡಕಕ್ಕೆ ಪರಾಗ ಮುಟ್ಟದಿದ್ದರೆ ಹೂವು ಉದುರಿ ಹೋಗುತ್ತದೆ. ತಿನ್ನುವ ಬಾಳೆಗಳಲ್ಲಿ ಪರಾಗ ಮುಟ್ಟದೆಯೂ ಅಂಡಾಶಯ ತಿರುಳು ತುಂಬಿಕೊಳ್ಳುತ್ತದೆ. ಇದು ವರ್ಣತಂತುವಿನ ಲೆಕ್ಕದಿಂದ ಬಂದ ಗುಣ ಅಲ್ಲ, ಬೇರೆಯದೇ ಗುಣ. ಎರಡೂ ಒಂದೇ ಗಿಡದಲ್ಲಿ ಸೇರಿದ್ದು ನಮ್ಮ ಅದೃಷ್ಟ.

33 ಅನ್ನುವ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅನ್ನುವುದು ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ಆಗ್ನೇಯ ಏಷ್ಯಾ ಮತ್ತು ನ್ಯೂಗಿನಿ ಕಡೆಯ ಜನ ಸಾವಿರಾರು ವರ್ಷಗಳ ಹಿಂದೆಯೇ ಬಾಳೆ ಕಂದುಗಳನ್ನು ಹೊತ್ತು ದ್ವೀಪದಿಂದ ದ್ವೀಪಕ್ಕೆ ಹೋದರು. ದೂರ ದೂರದ ಬಾಳೆಗಳು ಅಕ್ಕಪಕ್ಕ ಬಂದು ಬೆರಕೆಯಾದವು. ಬೆರಕೆ ಗಿಡಗಳಲ್ಲಿ 22 ಇದ್ದರೂ ಎರಡು ಸೆಟ್‌ಗಳು ಒಂದಕ್ಕೊಂದು ಪೂರ್ತಿ ಹೊಂದದ ಕಾರಣ ಮಿಯಾಸಿಸ್ ಆಗಾಗ ಎಡವುತ್ತಿತ್ತು. ಹಾಗೆ ಎಡವಿದಾಗ ಕೆಲವೊಮ್ಮೆ ಅರ್ಧ ಆಗುವುದೇ ನಿಂತುಹೋಗಿ ಪೂರ್ತಿ 22 ವರ್ಣತಂತು ಇರುವ ಅಂಡಾಣು ಆಗುತ್ತದೆ. ಅದಕ್ಕೆ 11ರ ಪರಾಗ ಸೇರಿದರೆ 33. ಅಂದರೆ ರಸಬಾಳೆಯ ಪೂರ್ವಜ ಹುಟ್ಟಿದ್ದೇ ಮಿಯಾಸಿಸ್ ತಪ್ಪಿದ್ದರಿಂದ. ಹಣ್ಣಲ್ಲಿ ಬೀಜವಿಲ್ಲ, ತಿರುಳು ಜಾಸ್ತಿ ಅಂತ ಯಾರೋ ಅದರ ಕಂದು ಕಿತ್ತು ನೆಟ್ಟರು. ಅವರ ಕಣ್ಣಿಗೆ ಅದು ಬೀಳದೇ ಹೋಗಿದ್ದರೆ ಆ ಗಿಡ ಒಂದು ಗೊನೆ ಬಿಟ್ಟು, ನಾಲ್ಕು ಕಂದು ಹಾಕಿ, ಕಾಡಲ್ಲೇ ಕಳೆದುಹೋಗುತ್ತಿತ್ತು.

ಬರೀ ರಸಬಾಳೆಯ ಕಥೆಯಲ್ಲ ಇದು. ಪಚ್ಚಬಾಳೆಯೂ 33ರದ್ದೇ, ನೇಂದ್ರವೂ ಅಷ್ಟೇ. ಏಲಕ್ಕಿ ಬಾಳೆಯಲ್ಲಿ 22 ಇದ್ದರೂ ಒಂದು ಸೆಟ್ ಅಕ್ಯುಮಿನಾಟದ್ದು, ಇನ್ನೊಂದು ಬಾಲ್ಬಿಸಿಯಾನದ್ದು, ಹಾಗಾಗಿ ಅಲ್ಲೂ ಜೋಡಿ ಸರಿಯಾಗಿ ಕೂರುವುದಿಲ್ಲ. ರಸಬಾಳೆ ಹೋದ ಜಾಗಕ್ಕೆ ಬಂದ ಏಲಕ್ಕಿಗೂ ಇದೇ ಸೊರಗು ರೋಗ ತಗುಲುತ್ತದೆ, ಇದನ್ನು ಮರೆಯಬಾರದು.

ಹಾಗಂತ 33 ವರ್ಣತಂತು ಇದ್ದ ಮಾತ್ರಕ್ಕೆ ರೋಗ ಬರುತ್ತದೆ ಅಂತ ತಿಳಿಯಬೇಡಿ. ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ. ರಸಬಾಳೆಯನ್ನು ಕೊಂದ ಶಿಲೀಂಧ್ರದ ಬಗೆಗೆ ರೇಸ್ ಒಂದು ಅಂತ ಹೆಸರು. ಅದನ್ನು ಪಚ್ಚಬಾಳೆ ಆರಾಮಾಗಿ ತಡೆದುಕೊಳ್ಳುತ್ತದೆ. ಮಧ್ಯ ಅಮೆರಿಕದಲ್ಲಿ ರಫ್ತಿಗೆ ಬೆಳೆಯುತ್ತಿದ್ದ ಗ್ರೋ ಮಿಷೆಲ್ ಅನ್ನುವ ಬಾಳೆ ಇದೇ ರೇಸ್ ಒಂದರಿಂದ ನೆಲಕಚ್ಚಿದಾಗ, 1950-60ರ ದಶಕಗಳಲ್ಲಿ ಅಲ್ಲಿನ ಕಂಪನಿಗಳು ಪಚ್ಚಬಾಳೆಯ ಕುಲವಾದ ಕ್ಯಾವೆಂಡಿಶ್‌ಗೆ ಬದಲಾಯಿಸಿದ್ದು ಇದೇ ಕಾರಣಕ್ಕೆ. ಈಗ ಟ್ರಾಪಿಕಲ್ ರೇಸ್ ನಾಲ್ಕು ಅನ್ನುವ ಹೊಸ ಬಗೆ ಬಂದಿದೆ, ಅದು ಕ್ಯಾವೆಂಡಿಶ್ ಅನ್ನೂ ಬಿಡುವುದಿಲ್ಲ. ಭಾರತದಲ್ಲೂ ಬಿಹಾರದ ತೋಟಗಳಲ್ಲಿ ಅದು ಕಾಣಿಸಿಕೊಂಡಿದೆ. ಮಿಯಾಸಿಸ್ ಇಲ್ಲದ ಗಿಡಕ್ಕೆ ರೋಗ ಬಂದೇ ಬರುತ್ತದೆ ಅಂತಲ್ಲ. ಆದರೆ ಬಂದ ದಿನ ಅದರ ಹತ್ತಿರ ಹೊಸದೇನೂ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಒಳ್ಳೆಯ ಆಕ್ಷೇಪವೇ. ಈ ಫ್ಯುಸೇರಿಯಂ ಶಿಲೀಂಧ್ರದಲ್ಲೂ ಗಂಡು ಹೆಣ್ಣು ಸೇರಿ ಸಂತಾನ ಮಾಡುವ ಹಂತವನ್ನು ಯಾರೂ ಕಂಡಿಲ್ಲ. ಅದೂ ನಕಲು ಮಾಡಿಕೊಂಡೇ ಬದುಕುತ್ತದೆ. ಹಾಗಾದರೆ ಅದು ಹೇಗೆ ಬದಲಾಗುತ್ತಾ ಹೋಯಿತು? ಒಂದು ಕಾರಣ ಸಂಖ್ಯೆ. ಒಂದು ಗಿಡದಲ್ಲೇ ಲೆಕ್ಕವಿಲ್ಲದಷ್ಟು ಬೀಜಕಣಗಳು, ಪ್ರತಿ ನಕಲಿನಲ್ಲೂ ಸಣ್ಣ ತಪ್ಪಿಗೆ ಅವಕಾಶ. ಇನ್ನೊಂದು, ಈ ಕುಲದ ಶಿಲೀಂಧ್ರಗಳು ರೋಗ ತರುವ ಇಡೀ ವರ್ಣತಂತುವನ್ನೇ ಒಂದರಿಂದ ಇನ್ನೊಂದಕ್ಕೆ ದಾಟಿಸಬಲ್ಲವು, ಲ್ಯಾಬಿನಲ್ಲಿ ಇದನ್ನು ತೋರಿಸಿದ್ದಾರೆ. ಬಾಳೆಗೆ ಈ ಎರಡೂ ದಾರಿ ಇಲ್ಲ. ಒಂದು ಗೊನೆ ಕಾಣಲು ವರ್ಷದ ಹತ್ತಿರ ಬೇಕು. ಅಪರೂಪಕ್ಕೆ ಕಂದಿನಲ್ಲಿ ತಾನಾಗಿ ಬದಲಾವಣೆ ಆಗುತ್ತದೆ, ಚಂದ್ರಬಾಳೆಯ ಗಿಡದಲ್ಲಿ ಒಮ್ಮೊಮ್ಮೆ ಹಸಿರು ಹಣ್ಣಿನ ಕಂದು ಹುಟ್ಟುವುದು ಹಾಗೆಯೇ. ಅದನ್ನೇ ನೆಚ್ಚಿಕೊಂಡು ರೋಗದ ಜೊತೆ ಓಡಲಾಗುವುದಿಲ್ಲ.

ಪರಿಹಾರಕ್ಕೆ ಏನೇನು ಮಾಡಿದ್ದಾರೆ ಅಂತ ನೋಡೋಣ. ಎಲ್ಲರೂ ಮೊದಲು ಹೇಳುವುದು ಅಂಗಾಂಶ ಕೃಷಿ. ಕಂದಿನ ತುದಿಯ ಚೂರು ತೆಗೆದು ಬಾಟಲಿಯಲ್ಲಿ ಬೆಳೆಸಿದ ಸಸಿ ಇದು. ಇದರಿಂದ ದೊಡ್ಡ ಉಪಕಾರ ಒಂದಿದೆ, ಸಸಿಯ ಜೊತೆ ರೋಗ ಬರುವುದಿಲ್ಲ. ಹಿಂದೆ ರೋಗ ಊರಿಂದ ಊರಿಗೆ ಹೋದದ್ದೇ ನೋಡಲು ಚೆನ್ನಾಗಿದ್ದ ಕಂದುಗಳ ಒಳಗೆ ಕೂತು. ಆದರೆ ಬಾಟಲಿಯಲ್ಲಿ ನಡೆಯುವುದೂ ಮೈಟೋಸಿಸ್ಸೇ, ಅದೇ ರಸಬಾಳೆ, ಅದೇ 33 ವರ್ಣತಂತು. ರೋಗ ಕೂತಿರುವ ಮಣ್ಣಿಗೆ ನೆಟ್ಟರೆ ಮತ್ತೆ ಸಾಯುತ್ತದೆ. ‘ಟಿಶ್ಯೂ ಕಲ್ಚರ್ ಸಸಿ, ರೋಗ ಬರಲ್ಲ’ ಅಂತ ಹೇಳಿ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ರೋಗ ಇಲ್ಲದ ಸಸಿ ಬೇರೆ, ರೋಗ ತಡೆಯುವ ಸಸಿ ಬೇರೆ. ಸಾಲ ಮಾಡಿ ನೆಟ್ಟ ರೈತ ಈ ವ್ಯತ್ಯಾಸಕ್ಕೆ ತನ್ನ ಒಂದು ವರ್ಷ ಕೊಡಬೇಕಾಗುತ್ತದೆ.

ಎರಡನೆಯ ದಾರಿ, ಬಾಟಲಿಯಲ್ಲೇ ಆಗುವ ಆಕಸ್ಮಿಕ ಬದಲಾವಣೆಗಳನ್ನು ಹುಡುಕುವುದು. ತೈವಾನ್‌ನಲ್ಲಿ ಹೀಗೆಯೇ ಸಾವಿರಾರು ಅಂಗಾಂಶ ಕೃಷಿ ಸಸಿಗಳನ್ನು ರೋಗದ ಮಣ್ಣಲ್ಲಿ ನೆಟ್ಟು, ಉಳಿದವನ್ನು ಆರಿಸಿ, ರೇಸ್ ನಾಲ್ಕನ್ನು ಒಂದು ಮಟ್ಟಿಗೆ ತಡೆಯುವ ಕ್ಯಾವೆಂಡಿಶ್ ತಳಿಗಳನ್ನು ತೆಗೆದರು. ತಾಳ್ಮೆಯ ಕೆಲಸ.

ಮೂರನೆಯದು, ಹೇಗಾದರೂ ಮಾಡಿ ಬೀಜ ತೆಗೆಯುವುದು. ಟ್ರಿನಿಡಾಡ್‌ನಲ್ಲಿ ಇದು 1920ರ ದಶಕದಲ್ಲೇ ಶುರುವಾಯಿತು, ತಮಿಳುನಾಡಿನ ಆಡುತುರೈಯಲ್ಲಿ 1949ರಲ್ಲಿ. ತಿರುಚಿನಾಪಳ್ಳಿಯಲ್ಲಿ 1993ರಿಂದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವೇ ಇದೆ. ಕೆಲಸ ಹೇಗೆಂದರೆ, ಗೊನೆ ಹೊರಬರುವಾಗ ಹೆಣ್ಣು ಹೂವಿನ ಮೇಲೆ ಕಾಡುಬಾಳೆಯ ಪರಾಗವನ್ನು ಕೈಯಿಂದ ಸವರಬೇಕು, ಹಣ್ಣಾದ ಮೇಲೆ ತಿರುಳನ್ನೆಲ್ಲ ಕಿವುಚಿ ಬೀಜ ಹುಡುಕಬೇಕು, ಎಷ್ಟೋ ಗೊನೆಗಳಲ್ಲಿ ಒಂದೂ ಸಿಗುವುದಿಲ್ಲ. ಸಿಕ್ಕಿದ ಬೀಜವೂ ಮಣ್ಣಲ್ಲಿ ಮೊಳೆಯುವುದು ಕಷ್ಟ, ಅದರ ಭ್ರೂಣ ಬಿಡಿಸಿ ಲ್ಯಾಬಿನಲ್ಲಿ ಬೆಳೆಸಬೇಕು. ಹೀಗೆ ಹುಟ್ಟಿದ ಗಿಡಗಳನ್ನು ಎಣಿಸಿದರೆ ಹಲವುಗಳಲ್ಲಿ 44 ವರ್ಣತಂತು ಕಾಣುತ್ತವೆ. ಯಾಕೆ ಗೊತ್ತಾ? ತಾಯಿಯ ಅಂಡಕದಲ್ಲಿ ಮಿಯಾಸಿಸ್ ಪೂರ್ತಿಯಾಗಿ ಸೋತು, ಅರ್ಧವಾಗದೆ 33ಕ್ಕೆ 33 ಅಂಡಾಣುವಿಗೆ ಇಳಿದಿರುತ್ತದೆ, ಅದಕ್ಕೆ ಪರಾಗದ 11 ಸೇರಿದರೆ 44. ಅರೆಬರೆ ನಡೆದ ಮಿಯಾಸಿಸ್ ಗಿಡಕ್ಕೆ ಉಪಯೋಗವಿಲ್ಲ, ಪೂರ್ತಿ ಸೋತದ್ದು ಉಪಯೋಗಕ್ಕೆ ಬಂತು. ಹೊಂಡುರಾಸ್‌ನ ಎಫ್‌ಎಚ್‌ಐಎ ಅನ್ನುವ ಕೃಷಿ ಸಂಶೋಧನಾ ಸಂಸ್ಥೆಯ ಗೋಲ್ಡ್‌ಫಿಂಗರ್ ಅನ್ನುವ ತಳಿ ಇಂಥ ನಾಲ್ಕು ಸೆಟ್‌ನ ಬಾಳೆ.

ಆದರೆ ರಸಬಾಳೆಯನ್ನು ಪ್ರೀತಿಸುವವರಿಗೆ ಈ ದಾರಿಯಲ್ಲಿ ಒಂದು ಕಹಿ ಇದೆ. ಬೀಜದಿಂದ ಬಂದ ಮಗು ರಸಬಾಳೆ ಅಲ್ಲ. ಹೊಸ ಸೆಟ್ ಸೇರಿದ ಮೇಲೆ ಆ ತೆಳು ಸಿಪ್ಪೆ, ಆ ಘಮ, ಬಾಯಲ್ಲಿ ಕರಗುವ ಆ ತಿರುಳು ಹಾಗೇ ಉಳಿಯುತ್ತದೆ ಅಂತ ಯಾರೂ ಮಾತು ಕೊಡಲಾರರು. ಇಷ್ಟು ವರ್ಷ ರುಚಿ ಒಂದಿಷ್ಟೂ ಬದಲಾಗದೆ ಬಂದದ್ದು ಮಿಯಾಸಿಸ್ ಇಲ್ಲದ್ದರಿಂದ. ನನ್ನ ಅಭಿಪ್ರಾಯ ಕೇಳಿದರೆ, ಮೂಲ ರಸಬಾಳೆಯನ್ನು ರೋಗವಿಲ್ಲದ ಮಣ್ಣಲ್ಲಿ ಜೋಪಾನವಾಗಿ ಬೆಳೆಯುವುದೂ, ಅದರ ಹತ್ತಿರದ ರುಚಿಯ ಹೊಸ ತಳಿ ಹುಡುಕುವುದೂ ಎರಡೂ ಒಟ್ಟಿಗೆ ನಡೆಯಬೇಕು. ಒಂದೇ ಸಾಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಾಲ್ಕನೆಯ ದಾರಿ ಮಿಯಾಸಿಸ್ಸನ್ನು ಬಳಸಿಹೋಗುವಂಥದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ವಿಜ್ಞಾನಿಗಳು ಕಾಡುಬಾಳೆಯ ಒಂದು ರೋಗನಿರೋಧಕ ಜೀನ್ ಅನ್ನು ಕ್ಯಾವೆಂಡಿಶ್ ಒಳಗೆ ಸೇರಿಸಿದರು, 2024ರಲ್ಲಿ ಅಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಉಳಿದ ಗುಣ ಹಾಗೇ ಇಟ್ಟು ಒಂದನ್ನು ಮಾತ್ರ ಸೇರಿಸುವುದು ಇದರ ಉದ್ದೇಶ. ಆ ಜೀನ್ ಎಲ್ಲಿಂದ ಬಂತು ನೋಡಿ. ಮಿಯಾಸಿಸ್ ಇನ್ನೂ ಸರಿಯಾಗಿ ನಡೆಯುತ್ತಿರುವ ಕಾಡುಬಾಳೆಯಿಂದ. ಅದಕ್ಕೇ ಪಶ್ಚಿಮ ಘಟ್ಟದಲ್ಲಿ, ಈಶಾನ್ಯದ ಕಾಡುಗಳಲ್ಲಿ ಉಳಿದಿರುವ, ತಿನ್ನಲು ಬಾರದ ಬೀಜದ ಬಾಳೆಗಳನ್ನು ಕಳೆಯಂತೆ ಕಡಿದು ಹಾಕುವುದು ಕಂಡರೆ ಹೊಟ್ಟೆ ಉರಿಯುತ್ತದೆ.

ಇವತ್ತು ರಸಬಾಳೆ ಹಾಕಬೇಕು ಅನ್ನುವವರಿಗೆ ಇಷ್ಟು ಹೇಳಬಹುದು. ಸೊರಗು ಕಂಡ ತೋಟದಿಂದ ಎಷ್ಟೇ ಚೆನ್ನಾಗಿ ಕಂಡರೂ ಕಂದು ತರಬೇಡಿ. ಹಿಂದೆ ಬಾಳೆ ಇಲ್ಲದ ಹೊಲ, ಅದರಲ್ಲೂ ಭತ್ತ ಬೆಳೆದು ನೀರು ನಿಂತ ಗದ್ದೆ ಸಿಕ್ಕರೆ ಅದನ್ನು ಆರಿಸಿ, ನೀರು ನಿಂತ ಮಣ್ಣಲ್ಲಿ ಶಿಲೀಂಧ್ರದ ಬಲ ಕಡಿಮೆಯಾಗುತ್ತದೆ. ಅಂಗಾಂಶ ಕೃಷಿ ಸಸಿ ತನ್ನಿ, ಬೇವಿನ ಹಿಂಡಿ, ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿದ ಗೊಬ್ಬರ ಕೊಡಿ, ಆದರೆ ಅದರಿಂದ ಪೂರ್ತಿ ರಕ್ಷಣೆ ಸಿಗುತ್ತದೆ ಅಂತ ನಂಬಬೇಡಿ. ಪಕ್ಕದ ತೋಟದ ಗುದ್ದಲಿ, ಮಚ್ಚು ತೊಳೆಯದೆ ಒಳಗೆ ಬಿಡಬೇಡಿ. ಒಂದು ಗಿಡ ಹಳದಿಯಾದರೆ ಕತ್ತರಿಸಿ ಒಳಗಿನ ಬಣ್ಣ ನೋಡಿ, ಕೆಂಪು ಕಂದು ಚುಕ್ಕೆ ಕಂಡರೆ ಗೆಡ್ಡೆ ಸಮೇತ ಅಲ್ಲೇ ನಾಶ ಮಾಡಿ, ಅದರ ಮಣ್ಣನ್ನಾಗಲಿ ನೀರನ್ನಾಗಲಿ ಮುಂದಿನ ಸಾಲಿಗೆ ಹರಿಯಲು ಬಿಡಬೇಡಿ.